ಪಾದ್ರಿಯಿಲ್ಲದ ಊರಿನ ಪಾಠ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಜನವರಿ 16ರ ಹಬ್ಬಕ್ಕೆ ಧರ್ಮೋಪದೇಶದ ಮಕ್ಕಳಿಗೆ, ಗೋವಾದಿಂದ ಶ್ರೀಲಂಕಾಕ್ಕೆ ಹೋಗಿ ದುಡಿದ ಪಾದ್ರಿ ಸಂತ ಜೋಸೆಫ್ ವಾಜ್ ಕುರಿತು ಪಾಠ ಮಾಡುವ ಸರದಿ ನಿನ್ನದು. ‘ಅಲ್ಲಿನ ಕ್ಯಾಂಡಿಯಲ್ಲಿ ಮಳೆ ತರಿಸಿದ ಕಥೆ ಹೇಳಿ ಮುಗಿಸಿಬಿಡಲೇ?’ ಎಂದು ಕೇಳಿದ್ದೀಯ. ಬರಗಾಲದಲ್ಲಿ ರಾಜ ಕೇಳಿಕೊಂಡದ್ದು, ಇವರು ಬಯಲಲ್ಲಿ ಶಿಲುಬೆ ನೆಟ್ಟು ಮೊಣಕಾಲೂರಿದ್ದು, ಸುತ್ತ ಮಳೆ ಸುರಿದರೂ ಇವರು ನೆನೆಯದೆ ಉಳಿದದ್ದು, ಇದನ್ನೆಲ್ಲ ಹಳೆಯ ಚರಿತ್ರೆಗಳು ಭಕ್ತಿಯಿಂದ ಹೇಳುತ್ತವೆ. ನೀನೂ ಹೇಳು, ಎರಡು ನಿಮಿಷ ಸಾಕು. ಮಳೆ ತರಿಸುವುದನ್ನು ಆ ಮಕ್ಕಳಿಗೆ ಯಾರೂ ಕಲಿಸಲಾರರು. 2015ರ ಜನವರಿ 14ರಂದು ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಪೋಪ್ ಫ್ರಾನ್ಸಿಸ್ ಇವರನ್ನು ಸಂತರೆಂದು ಘೋಷಿಸಿದಾಗ, ಆ ಪದವಿಗೆ ಸಾಮಾನ್ಯವಾಗಿ ಬೇಕಾಗುವ ಎರಡನೆಯ ಪವಾಡವನ್ನೇ ಕೇಳಲಿಲ್ಲ. ಪವಾಡಕ್ಕಿಂತ ಕೆಲಸ ನೋಡಬೇಕಾದ ಸಂತ ಇವರು. ಆ ಕೆಲಸ ಹೇಗೆ ನಡೆಯಿತು, ಎಲ್ಲಿ ಕೆಟ್ಟಿತು, ಅದರಲ್ಲಿ ನಮ್ಮ ಕೈಗೆ ಎಟುಕುವುದು ಯಾವುದು ಅನ್ನುವುದನ್ನು ಬರೆಯುತ್ತೇನೆ. ಬೇಕಾದ್ದನ್ನು ಆರಿಸಿಕೋ.

ಹುಟ್ಟು, ಓದು ಇವನ್ನು ಬೇಗ ದಾಟಿಸಿಬಿಡು. 1651ರ ಏಪ್ರಿಲ್ 21, ಗೋವಾದ ಸಾಲ್ಸೆಟ್ ಸೀಮೆಯ ಬೆನಾವ್ಲಿಂ, ತಾಯಿಯ ತವರು. ತಂದೆಯ ಊರು ಸಾಂಕ್ವಾಳೆ. ಮನೆಮಾತು ಕೊಂಕಣಿ, ಶಾಲೆಯಲ್ಲಿ ಪೋರ್ಚುಗೀಸ್ ಮತ್ತು ಲ್ಯಾಟಿನ್. 1676ರಲ್ಲಿ ಗುರುದೀಕ್ಷೆ, ಅಂದರೆ ಪಾದ್ರಿಯಾದರು. ಮರುವರ್ಷ ಆಗಸ್ಟ್ 5ರಂದು ಸಾಂಕ್ವಾಳೆಯ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ತಾನು ಮಾತೆ ಮರಿಯಮ್ಮನವರ ಗುಲಾಮ ಎಂದು ಪತ್ರ ಬರೆದು ಸಹಿ ಹಾಕಿದರು. ಗುಲಾಮರನ್ನು ಕೊಂಡು ಮಾರುತ್ತಿದ್ದ ಕಾಲದ ಗೋವಾದಲ್ಲಿ ಆ ಪದಕ್ಕೆ ಇಂದಿನ ಭಕ್ತಿಗೀತೆಯ ಮೆದುತನ ಇರಲಿಲ್ಲ. ಮಕ್ಕಳಿಗೆ ಅದನ್ನು ಹೇಳು, ಇಲ್ಲದಿದ್ದರೆ ಬರೀ ಅಲಂಕಾರ ಅಂದುಕೊಳ್ಳುತ್ತಾರೆ.

ಆಮೇಲಿನದ್ದು ನಮ್ಮ ಕರಾವಳಿಗೆ ಸೇರಿದ ಭಾಗ, ಇಲ್ಲಿ ಸ್ವಲ್ಪ ನಿಲ್ಲು. ಅವರ ಮನಸ್ಸು ಇದ್ದದ್ದು ಸಿಲೋನಿನ ಮೇಲೆ, ಅಂದರೆ ಇಂದಿನ ಶ್ರೀಲಂಕಾದ ಮೇಲೆ. ಗೋವಾದ ಹಿರಿಯರು ಕಳಿಸಿದ್ದು ಕೆನರಾಕ್ಕೆ, 1681ರಲ್ಲಿ. ಕೆಳದಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲ ಅದು. ಹೊನ್ನಾವರ, ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರ, ಮಂಗಳೂರು ಎಂದು ಕ್ರೈಸ್ತರು ಅಲ್ಲಲ್ಲಿ ಚದುರಿಹೋಗಿದ್ದರು, ಅವರಿಗೆ ಗುರುಗಳು ಸಾಲದು. ಅದು ಸಾಲದೆಂಬಂತೆ ಅಧಿಕಾರದ ಜಗಳ ಬೇರೆ. ಪೂರ್ವದೇಶಗಳ ಧರ್ಮಸಭೆಯನ್ನು ನೋಡಿಕೊಳ್ಳುವ ಹಕ್ಕು ಪೋರ್ಚುಗಲ್ ದೊರೆಗೆ ರೋಮಿನಿಂದಲೇ ಹಿಂದೆ ಸಿಕ್ಕಿತ್ತು, ಅದಕ್ಕೆ ಪದ್ರುವಾದೊ ಎಂಬ ಹೆಸರು. ಪೋರ್ಚುಗೀಸರ ಬಲ ಕುಂದಿದ ಮೇಲೆ ರೋಮ್ ನೇರವಾಗಿ ತನ್ನ ಧರ್ಮಾಧ್ಯಕ್ಷರನ್ನು, ಅಂದರೆ ಬಿಷಪ್‌ರನ್ನು, ಕಳಿಸಿತು. ಹಾಗೆ ಬಂದವರು ಗೋವಾದವರೇ ಆದ ಥೋಮಸ್ ದೆ ಕಾಸ್ತ್ರೊ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಕಟ್ಟಿಸಿದವರು ಅವರೇ. ಗೋವಾದ ಕಡೆಯವರು ಅವರನ್ನು ಒಪ್ಪಲಿಲ್ಲ. ಇವರ ಕೈಯಿಂದ ಸಂಸ್ಕಾರ ಪಡೆದರೆ ಅವರು ಬಹಿಷ್ಕಾರ ಹಾಕುತ್ತಾರೆ, ಅವರ ಕೈಯಿಂದ ಪಡೆದರೆ ಇವರು. ನಡುವೆ ನುಜ್ಜುಗುಜ್ಜಾದದ್ದು ಜನ. ಕ್ರೈಸ್ತರನ್ನಾಗಿ ಸೇರಿಸಿಕೊಳ್ಳುವ ನೀರಿನ ವಿಧಿ, ತನ್ನ ಮಗುವಿನ ದೀಕ್ಷಾಸ್ನಾನ, ಸಿಂಧುವೋ ಅಲ್ಲವೋ ಎಂಬುದೇ ತಾಯಂದಿರಿಗೆ ತಿಳಿಯದು.

ವಾಜ್ ಗೋವಾದವರ ಕಡೆಯಿಂದ ಬಂದ ಅಧಿಕಾರಿ. ಆದರೂ ನೇರ ಹೋಗಿ ಆ ಧರ್ಮಾಧ್ಯಕ್ಷರನ್ನು ಕಂಡರು, ಅವರನ್ನು ಧರ್ಮಾಧ್ಯಕ್ಷರೆಂದೇ ಗೌರವಿಸಿದರು. ತನ್ನನ್ನು ಕಳಿಸಿದವರಿಗೂ ದ್ರೋಹ ಬಗೆಯಲಿಲ್ಲ. ಸಂಸ್ಕಾರಗಳ ಸಿಂಧುತ್ವದ ಬಗ್ಗೆ ಜನಕ್ಕೆ ಅನುಮಾನ ಉಳಿಯಬಾರದು, ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಜಗಳ ಪೂರ್ತಿ ಬಗೆಹರಿಯಿತೇ? ಇಲ್ಲ. ಆ ಪೈಪೋಟಿ ಅವರು ಸತ್ತ ಮೇಲೂ ತಲೆಮಾರುಗಳ ಕಾಲ ಭಾರತದ ಧರ್ಮಸಭೆಯನ್ನು ಕಾಡಿತು. ಆದರೆ ಅವರಿದ್ದ ಮೂರು ವರ್ಷದಲ್ಲಿ ಇಗರ್ಜಿಗಳು ರಿಪೇರಿಯಾದವು, ಶಾಲೆಗಳು ತೆರೆದವು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಇವತ್ತಿಗೂ ಜನ ಅವರ ನೆನಪಿಗೆ ಗುಡ್ಡ ಹತ್ತುತ್ತಾರೆ.

ನಿಮ್ಮ ಧರ್ಮಕೇಂದ್ರದಲ್ಲೂ ಎರಡು ಗುಂಪು ಇದ್ದೇ ಇರುತ್ತವೆ. ಬಲಿಪೂಜೆ, ಅಂದರೆ ಮಾಸ್, ಯಾವ ಭಾಷೆಯಲ್ಲಿ ಎಂಬುದಕ್ಕೋ, ಹಬ್ಬದ ಲೆಕ್ಕಪತ್ರಕ್ಕೋ. ಎರಡನೆಯವರ ಮಾತನ್ನು ಮೊದಲನೆಯವರ ಬಾಯಿಂದ ಕೇಳಿ ತೀರ್ಮಾನ ಮಾಡಬೇಡ. ಖುದ್ದು ಹೋಗಿ ಕೇಳು, ಲಿಖಿತವಾಗಿ ಏನಿದೆ ನೋಡು, ಮಕ್ಕಳ ತರಗತಿಯೊಳಕ್ಕೆ ಅದನ್ನು ತರಬೇಡ. ‘ಯಾರು ಸರಿ’ ಎಂದು ಮಕ್ಕಳು ಕೇಳಿದರೆ, ಭಾನುವಾರ ಪಾಠ ಎಷ್ಟು ಗಂಟೆಗೆ ಎಂದು ನೆನಪಿಸು, ಸಾಕು.

1684ರಲ್ಲಿ ಗೋವಾಕ್ಕೆ ಮರಳಿದ ವಾಜ್ ಸಿಲೋನಿಗೆ ತಕ್ಷಣ ಹೊರಡಲಿಲ್ಲ. ಹಳೇ ಗೋವಾದ ಪವಾಡಗಳ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಕೆಲವು ಗೋವನ್ ಗುರುಗಳು ಒಟ್ಟಾಗಿ ಬಾಳಲು ಶುರುಮಾಡಿದ್ದರು. ಇವರು ಅಲ್ಲಿ ಸೇರಿದರು, 1685ರ ಸೆಪ್ಟೆಂಬರ್ 25ರಂದು ಅವರನ್ನೇ ಮುಖ್ಯಸ್ಥರನ್ನಾಗಿ ಆರಿಸಿದರು. ಗುರುಗಳು ಒಂದೇ ಮನೆಯಲ್ಲಿ ಒಟ್ಟಾಗಿ ಬಾಳುವ, ಸಂತ ಫಿಲಿಪ್ ನೇರಿಯವರ ಒರೆಟರಿ ಪದ್ಧತಿಗೆ ಆ ಗುಂಪು ಒಗ್ಗಿಕೊಂಡಿತು. ಯುರೋಪಿಯನ್ನರ ಸನ್ಯಾಸಿ ಸಂಸ್ಥೆಗಳು ಸ್ಥಳೀಯ ಗುರುಗಳನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳದ ದಿನಗಳಲ್ಲಿ, ಇಲ್ಲಿಯವರೇ ಕಟ್ಟಿ ಇಲ್ಲಿಯವರೇ ನಡೆಸಿದ ಮನೆ ಅದು. ಕ್ರಮ ಗಮನಿಸು. ಮೊದಲು ಗುರುಗಳನ್ನು ಕಳಿಸಬಲ್ಲ ಮನೆ, ಆಮೇಲೆ ಒಬ್ಬನ ಪ್ರಯಾಣ. ಯೋಚಿಸಿಯೇ ಹಾಗೆ ಮಾಡಿದರೋ, ತಾನಾಗಿ ಒದಗಿತೋ, ಫಲ ಮಾತ್ರ ದೊಡ್ಡದು. 1830ರ ದಶಕದಲ್ಲಿ ಪೋರ್ಚುಗಲ್ ಸರ್ಕಾರ ಸನ್ಯಾಸಿ ಸಂಸ್ಥೆಗಳನ್ನೆಲ್ಲ ಮುಚ್ಚಿಸುವವರೆಗೆ ಆ ಮನೆಯಿಂದ ಸಿಲೋನಿಗೆ ಗುರುಗಳು ಹೋಗುತ್ತಲೇ ಇದ್ದರು.

ಒಂದು ಕಹಿ ಮಾತನ್ನೂ ಬಿಡಬೇಡ. ಆ ಮನೆಯ ಬಾಗಿಲು ತೆರೆದದ್ದು ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬಗಳ ಗುರುಗಳಿಗೆ ಮಾತ್ರ. ಬಿಳಿಯರ ತಾರತಮ್ಯಕ್ಕೆ ಉತ್ತರವಾಗಿ ಎದ್ದ ಸಂಸ್ಥೆ ತನ್ನದೇ ತಾರತಮ್ಯವನ್ನು ಒಳಗಿಟ್ಟುಕೊಂಡಿತ್ತು. ಸಂತರ ಕಥೆ ಹೇಳುವವರು ಇದನ್ನು ಮೆಲ್ಲಗೆ ಜಾರಿಸಿಬಿಡುತ್ತಾರೆ. ನಿನ್ನ ತರಗತಿಯಲ್ಲಿ ಹತ್ತನೆಯ ಇಯತ್ತೆಯ ಮಕ್ಕಳೂ ಇದ್ದಾರಲ್ಲ, ಅವರಿಗೆ ಹೇಳಬಹುದು, ಹೇಳಬೇಕು. ನಮ್ಮ ನಡುವೆ ಮದುವೆಯ ಮಾತುಕತೆಯಲ್ಲಿ ಜಾತಿ ಇನ್ನೂ ಬರುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಈಗ ಸಿಲೋನ್. ಪ್ರೊಟೆಸ್ಟಂಟ್ ಪಂಥದ ಡಚ್ಚರು ಕಥೋಲಿಕ ಪೋರ್ಚುಗೀಸರಿಂದ ಕೊಲಂಬೊವನ್ನು 1656ರಲ್ಲಿ, ಜಾಫ್ನಾವನ್ನು 1658ರಲ್ಲಿ ಕಿತ್ತುಕೊಂಡರು. ಕಥೋಲಿಕ ಪಾದ್ರಿಗಳನ್ನು ಓಡಿಸಿದರು. ಪಾದ್ರಿಗೆ ಮನೆಯಲ್ಲಿ ಜಾಗ ಕೊಟ್ಟವರಿಗೆ ಮರಣದಂಡನೆ ಎಂದು ಆಜ್ಞೆ ಹೊರಟಿತು. ಮಕ್ಕಳ ದೀಕ್ಷಾಸ್ನಾನ ಮತ್ತು ಮದುವೆಯನ್ನು ಡಚ್ಚರ ಇಗರ್ಜಿಯ ತೊಂಬು ಎಂಬ ದಫ್ತರದಲ್ಲಿ ಬರೆಸದಿದ್ದರೆ ಆಸ್ತಿ ಹಕ್ಕಿಗೇ ತೊಡಕು. ಆದ್ದರಿಂದ ಜನ ಹಗಲು ಅಲ್ಲಿಗೆ ಹೋಗಿ ಹೆಸರು ಬರೆಸಿ, ರಾತ್ರಿ ಮನೆಯಲ್ಲಿ ಜಪಸರ ಹೇಳುತ್ತಿದ್ದರು. 1687ರಲ್ಲಿ ವಾಜ್ ಅಲ್ಲಿಗೆ ತಲುಪುವಾಗ ಹೀಗೇ ಸುಮಾರು ಮೂವತ್ತು ವರ್ಷ ಕಳೆದಿತ್ತು. ಇಪ್ಪತ್ತೈದು ದಾಟಿದವನೊಬ್ಬ ಆ ತನಕ ಬಲಿಪೂಜೆಯನ್ನೇ ನೋಡಿಲ್ಲ. ಇದನ್ನು ಮಕ್ಕಳ ಮುಂದೆ ಹೇಳಿ ಒಂದು ಕ್ಷಣ ಸುಮ್ಮನಿರು.

ಗೋವಾದಿಂದ ಕರಾವಳಿ ಹಿಡಿದು ದಕ್ಷಿಣಕ್ಕೆ, ತೂತ್ತುಕುಡಿಯಿಂದ ದೋಣಿ, ಮೈಮೇಲೆ ಕೂಲಿಯವನ ಬಟ್ಟೆ. ಜೊತೆಗೆ ಜುವಾಂವ್ ಎಂಬ ಮನೆಯಾಳು. ಸಂತರ ಪಟಗಳಲ್ಲಿ ಆತ ಕಾಣುವುದೇ ಇಲ್ಲ. ಬಲಿಪೂಜೆಗೆ ಜವಾಬು ಹೇಳಿದವನು, ಹೊರೆ ಹೊತ್ತವನು, ಅಪಾಯದಲ್ಲಿ ಸಮಪಾಲು ಉಂಡವನು ಅವನೇ. ಬಿರುಗಾಳಿಯಲ್ಲಿ ದೋಣಿ ದಿಕ್ಕುತಪ್ಪಿ, ನೀರು ಅನ್ನ ಮುಗಿದು, ಜಾಫ್ನಾ ತಲುಪುವಷ್ಟರಲ್ಲಿ ವಾಜ್ ಅವರಿಗೆ ರಕ್ತಭೇದಿ. ಸೋಂಕಿಗೆ ಹೆದರಿ ಇಬ್ಬರನ್ನೂ ಊರ ಹೊರಗೆ ಕಾಡಂಚಿಗೆ ಹಾಕಿದರು. ಗಂಜಿ ತಂದುಕೊಟ್ಟು ಬದುಕಿಸಿದ್ದು ಯಾರೋ ಒಬ್ಬ ಹೆಂಗಸು, ಹೆಸರೂ ಉಳಿದಿಲ್ಲ. ಶ್ರೀಲಂಕಾದ ಅಪೊಸ್ತಲನೆನಿಸಿಕೊಂಡವರು ಅಲ್ಲಿ ಮೊಟ್ಟಮೊದಲು ಕೈಯೊಡ್ಡಿ ಪಡೆದದ್ದು ಒಂದು ಬಟ್ಟಲು ಗಂಜಿ.

ಚೇತರಿಸಿಕೊಂಡ ಮೇಲೆ ಸಮಸ್ಯೆ ಇನ್ನೊಂದು. ಕಥೋಲಿಕರು ಯಾರೆಂದು ತಿಳಿಯುವುದು ಹೇಗೆ? ಬಾಯಿಬಿಟ್ಟು ಕೇಳಿದರೆ ಸಿಕ್ಕಿಬೀಳುವುದು ಖಂಡಿತ, ಕೇಳದಿದ್ದರೆ ಯಾರೂ ತಾವಾಗಿ ಹೇಳಿಕೊಳ್ಳರು. ಅವರು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಸುಮ್ಮನೆ ಅನ್ನ ಹಾಕುವವರು ಅನ್ನ ಹಾಕುತ್ತಾರೆ, ಬೈಯುವವರು ಬೈಯುತ್ತಾರೆ. ಯಾರ ಕಣ್ಣು ಬಟ್ಟಲಿನಿಂದ ಮೇಲೆದ್ದು ಆ ಮಣಿಗಳ ಮೇಲೆ ಒಂದು ಗಳಿಗೆ ನಿಲ್ಲುತ್ತದೋ ಆ ಮನೆ ನೆನಪಿಡಬೇಕು. ಆದರೆ ಅಲ್ಲೂ ಅವತ್ತೇ ಬಾಯಿ ಬಿಡುವಂತಿಲ್ಲ. ನಂಬಿಕೆ ಗಟ್ಟಿಯಾದ ಮೇಲಷ್ಟೇ ‘ನಾನು ಪಾದ್ರಿ’ ಎಂಬ ಮಾತು. ಇದರಲ್ಲಿ ನಮಗೊಂದು ಪಾಠವಿದೆ ಅನ್ನಿಸುತ್ತದೆ. ಇವತ್ತು ನಾವು ಮೊದಲು ಮೈಕು ಹಿಡಿಯುತ್ತೇವೆ, ಜನ ಯಾರು ಎಂದು ಆಮೇಲೆ ನೋಡುತ್ತೇವೆ. ನಿನ್ನ ತರಗತಿಗೆ ಹೆಸರು ಬರೆಸಿ ಬಾರದೇ ಇರುವ ಮಕ್ಕಳಿರುತ್ತಾರಲ್ಲ, ಅವರ ಮನೆಗೆ ಹೋಗು. ಮೊದಲ ಸಲ ಯಾಕೆ ಬರಲಿಲ್ಲ ಎಂದು ಕೇಳಬೇಡ. ನೀರು ಕೊಟ್ಟರೆ ಕುಡಿ, ಮನೆಯಲ್ಲಿ ಯಾರ‍್ಯಾರಿದ್ದಾರೆ ತಿಳಿದುಕೋ, ಎದ್ದು ಬಾ. ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ಅಂಗಡಿಯಲ್ಲಿ ಕೂರಬೇಕಾದ ಹುಡುಗನಿಗೆ ನೀತಿಬೋಧೆಯಿಂದ ಏನೂ ಆಗದು, ಪಾಠದ ಹೊತ್ತು ಬದಲಾದರೆ ಬರುತ್ತಾನೆ. ಅದು ಎರಡನೆಯ ಭೇಟಿಯಲ್ಲಿ ಗೊತ್ತಾಗುವ ಸಂಗತಿ.

ಬಲಿಪೂಜೆಗೆ ಏನೇನು ಬೇಕಿತ್ತು ಎಂಬುದನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸು, ಅವರಿಗೆ ಇಷ್ಟವಾಗುತ್ತದೆ. ಗೋಧಿಯ ರೊಟ್ಟಿ, ದ್ರಾಕ್ಷಾರಸ, ಪಾನಪಾತ್ರೆ, ತಟ್ಟೆ, ಪೂಜಾವಸ್ತ್ರ, ಪೂಜಾಗ್ರಂಥ, ಮೇಣದ ಬತ್ತಿ, ಜೊತೆಗೆ ಆ ಕಾಲದ ಕಟ್ಟಳೆಯಂತೆ ಸಂತರ ಅವಶೇಷ ಹುದುಗಿಸಿ ಧರ್ಮಾಧ್ಯಕ್ಷರು ಪವಿತ್ರೀಕರಿಸಿದ ಪೀಠಶಿಲೆ. ಅಕ್ಕಿ ಉಣ್ಣುವ ನಾಡಿನಲ್ಲಿ ಗೋಧಿ ಎಲ್ಲಿಂದ ಬರಬೇಕು? ದ್ರಾಕ್ಷಾರಸ ಹುಳಿದು ವಿನೆಗರ್ ಆದರೆ ಅದರಿಂದ ಬಲಿಪೂಜೆಯೇ ಆಗದು, ರೊಟ್ಟಿಗೆ ಬೂಷ್ಟು ಹಿಡಿದು ಕೆಟ್ಟರೂ ಅಷ್ಟೇ. ರೋಗಿಗಳಿಗೆ ಹಚ್ಚುವ ಎಣ್ಣೆಯನ್ನು ಆಗ ಧರ್ಮಾಧ್ಯಕ್ಷರೇ ಆಶೀರ್ವದಿಸಬೇಕಿತ್ತು, ಅಂದರೆ ಅದೂ ಸಮುದ್ರ ದಾಟಿಯೇ ಬರಬೇಕಿತ್ತು. ಇಷ್ಟನ್ನೂ ಹೆಗಲಿಗೆ ಹಾಕಿಕೊಂಡು, ಬರಿಗಾಲಲ್ಲಿ, ರಾತ್ರಿ ಊರು ಸೇರಿ, ಪಾಪನಿವೇದನೆ ಕೇಳಿ, ಬೆಳಕು ಹರಿಯುವ ಮುಂಚೆ ಬಲಿಪೂಜೆ ಮುಗಿಸಿ ಮುಂದಿನ ಊರು.

ಹೀಗೆ ಎರಡು ವರ್ಷ ನಡೆಯಿತು. 1689ರ ಕ್ರಿಸ್ಮಸ್ ರಾತ್ರಿ ಜಾಫ್ನಾದಲ್ಲಿ ಜನ ಸೇರಿದ್ದ ಮನೆಗಳ ಮೇಲೆ ಡಚ್ ಸೈನಿಕರು ಬಿದ್ದರು. ವಾಜ್ ಸಿಗಲಿಲ್ಲ. ಸಿಕ್ಕವರಿಗೆ ಚಾಟಿಯೇಟು ಬಿತ್ತು, ಒಬ್ಬರು ಆ ಏಟಿಗೇ ಸತ್ತರು. ಪಾದ್ರಿ ತಪ್ಪಿಸಿಕೊಂಡರೂ ಪಾದ್ರಿಯನ್ನು ನಂಬಿದವರು ತಪ್ಪಿಸಿಕೊಳ್ಳಲಾರರು ಎಂಬುದು ಅವತ್ತು ಸ್ಪಷ್ಟವಾಯಿತು. ಮರುವರ್ಷ ಅವರು ಡಚ್ಚರ ಸೀಮೆ ಬಿಟ್ಟು ಕ್ಯಾಂಡಿ ರಾಜನ ಪುತ್ತಲಂ ಕಡೆಗೆ ಹೋದರು. ಇದನ್ನು ಹೇಡಿತನ ಎಂದು ಯಾವ ಮಗುವಾದರೂ ಕೇಳಿದರೆ ಬೇಸರಪಡಬೇಡ, ಒಳ್ಳೆಯ ಪ್ರಶ್ನೆ ಅದು. ನನ್ನ ಪ್ರಕಾರ, ತನ್ನ ಧೈರ್ಯದ ಬೆಲೆಯನ್ನು ಇನ್ನೊಬ್ಬರಿಂದ ಕೊಡಿಸಬಾರದು ಎಂದು ತಿಳಿದವರು ಮಾತ್ರ ಹಾಗೆ ಹಿಂದೆ ಸರಿಯುತ್ತಾರೆ.

1692ರಲ್ಲಿ ಕ್ಯಾಂಡಿ ತಲುಪಿದೊಡನೆ ಪೋರ್ಚುಗೀಸರ ಗೂಢಚಾರ ಎಂದು ದೂರು ಹೋಗಿ ಸೆರೆ. ಸೆರೆಯಲ್ಲಿ ಅವರು ಸಿಂಹಳ ಕಲಿತರು. ತಮಿಳು ಆಗಲೇ ಬರುತ್ತಿತ್ತು. ಕೊಂಕಣಿ, ಪೋರ್ಚುಗೀಸ್, ಲ್ಯಾಟಿನ್ ಸೇರಿಸಿದರೆ ಐದು ಭಾಷೆ. ಪೋರ್ಚುಗೀಸಿನಲ್ಲೇ ಸುಧಾರಿಸಬಹುದಿತ್ತು, ಕರಾವಳಿಯಲ್ಲಿ ಅರ್ಥವಾಗುವವರು ಇದ್ದರು. ಆದರೆ ಹಾಗಾಗಿದ್ದರೆ ಧರ್ಮ ಆಳಿದವರ ಭಾಷೆಗೇ ಅಂಟಿಕೊಂಡಿರುತ್ತಿತ್ತು. ಅವರು ಪ್ರಾರ್ಥನೆಗಳನ್ನು ಸಿಂಹಳ ಮತ್ತು ತಮಿಳಿಗೆ ತಂದರು. 1705ರಲ್ಲಿ ಬಂದ ಗೋವಾದ ಜಾಕೊಮೆ ಗೊನ್ಸಾಲ್ವಿಸ್ ಎಂಬ ಕಿರಿಯ ಗುರುವಿಗೆ ಭಾಷೆಯ ಕೆಲಸವನ್ನೇ ಮುಖ್ಯವಾಗಿ ವಹಿಸಿದರು. ಸಿಂಹಳ ಕ್ರೈಸ್ತ ಸಾಹಿತ್ಯ ಅಂದರೆ ಇವತ್ತೂ ಮೊದಲು ಬರುವ ಹೆಸರು ಆ ಗೊನ್ಸಾಲ್ವಿಸ್ ಅವರದು. ತನಗಿಂತ ಚೆನ್ನಾಗಿ ಮಾಡಬಲ್ಲವನನ್ನು ಗುರುತಿಸಿ ಕೆಲಸ ಬಿಟ್ಟುಕೊಡುವುದೂ ಒಂದು ಪ್ರತಿಭೆ ನೋಡು.

ನಿನ್ನ ತರಗತಿಯಲ್ಲಿ ಭಾಷೆಯ ತೊಂದರೆ ಬೇರೆ ಥರದ್ದು. ಮಕ್ಕಳು ಪ್ರಭುವಿನ ಪ್ರಾರ್ಥನೆಯನ್ನು ಗಿಳಿಪಾಠ ಒಪ್ಪಿಸುತ್ತಾರೆ, ಅರ್ಥ ಕೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ. ವಾರಕ್ಕೆ ಒಂದೇ ಸಾಲು ತೆಗೆದುಕೋ. ‘ನಿಮ್ಮ ನಾಮ ಪೂಜಿತವಾಗಲಿ’ ಅಂದರೆ ಏನು ಎಂದು ಅವರ ಮನೆಮಾತಿನಲ್ಲಿ ಹೇಳಿಸು, ಕೊಂಕಣಿಯೋ ತಮಿಳೋ ತೆಲುಗೋ ಆಗಲಿ. ತಪ್ಪಿದರೆ ನೀನು ತಿದ್ದಬೇಡ, ಮನೆಯ ಅಜ್ಜಿಯನ್ನು ಕೇಳಿಕೊಂಡು ಬರಲು ಹೇಳು. ಅಜ್ಜಿ ಮತ್ತು ಮೊಮ್ಮಗು ಪ್ರಾರ್ಥನೆಯ ಬಗ್ಗೆ ಮಾತಾಡಿದರೆ ಆ ವಾರದ ಅರ್ಧ ಕೆಲಸ ಆದಂತೆ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಸಂಗತಿ. ಸುಮಾರು ಹತ್ತು ವರ್ಷ ಇಡೀ ದ್ವೀಪಕ್ಕೆ ವಾಜ್ ಒಬ್ಬರೇ ಗುರು. ಒಂದು ಊರಿಗೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಉಳಿದ ದಿನಗಳು? ಊರೂರಲ್ಲಿ ಅವರು ಜನರೊಳಗಿನವರನ್ನೇ ನಿಲ್ಲಿಸಿದರು. ಪ್ರಾರ್ಥನೆ ನಡೆಸಿ ಮಕ್ಕಳಿಗೆ ಕಲಿಸುವವನು ಅಣ್ಣಾವಿ. ಊರಿನ ಕ್ರೈಸ್ತರ ವ್ಯವಹಾರ ನೋಡಿಕೊಳ್ಳುವವನು ಮೂಪ್ಪು. ನಮ್ಮ ಕರಾವಳಿಯ ವಾಳೆಗಳ, ಅಂದರೆ ಕ್ರೈಸ್ತ ಕೇರಿಗಳ, ಮುಖಂಡರಾದ ಗುರ್ಕಾರರನ್ನು ನೆನೆಸಿಕೊಂಡರೆ ನಿನಗೆ ಚಿತ್ರ ಸಿಗುತ್ತದೆ. ತುರ್ತಿಗೆ ದೀಕ್ಷಾಸ್ನಾನ ಕೊಡುವುದು, ಸಾಯುವವರ ಪಕ್ಕ ಕೂತು ಪ್ರಾರ್ಥಿಸುವುದು, ಸತ್ತವರನ್ನು ಮಣ್ಣು ಮಾಡುವುದು, ಹಬ್ಬ ಉಪವಾಸಗಳ ದಿನ ನೆನಪಿಸುವುದು ಎಲ್ಲ ಇಂಥವರ ಕೈಯಲ್ಲಿ. ವಾಜ್ ಸಾಯುವ ಹೊತ್ತಿಗೆ ದ್ವೀಪದಲ್ಲಿ ಸುಮಾರು 70,000 ಕಥೋಲಿಕರಿದ್ದರು ಎಂದು ಚರಿತ್ರೆಗಳು ಹೇಳುತ್ತವೆ. ಅಷ್ಟು ಜನಕ್ಕೆ ಬೆರಳೆಣಿಕೆಯ ಗುರುಗಳು. ಅಣ್ಣಾವಿ ಇಲ್ಲದಿದ್ದರೆ ಆ ಲೆಕ್ಕ ಕೂಡುವುದೇ ಇಲ್ಲ.

ಹಾಗಾಗಿ ದೊಡ್ಡ ಮಕ್ಕಳಿಗೆ ತುರ್ತು ದೀಕ್ಷಾಸ್ನಾನವನ್ನು ಕೈಯಾರೆ ಕಲಿಸು, ಬೊಂಬೆ ಇಟ್ಟುಕೊಂಡು. ಸಾವಿನ ಅಪಾಯವಿದ್ದು ಗುರುಗಳು ಬರುವಷ್ಟು ಹೊತ್ತಿಲ್ಲದಾಗ ಯಾರು ಬೇಕಾದರೂ ಕೊಡಬಹುದು, ಧರ್ಮಸಭೆಯ ಉದ್ದೇಶವೇ ತನ್ನ ಉದ್ದೇಶ ಎಂದಿದ್ದರೆ ಸಾಕು. ಬರೀ ನೀರು ಬೇಕು, ಆಶೀರ್ವದಿಸಿದ ನೀರೇ ಆಗಬೇಕಿಲ್ಲ. ತಲೆಯ ಮೇಲೆ ಮೂರು ಸಲ ಸುರಿಯುತ್ತ, ಸುರಿಯುವಾಗಲೇ ಹೇಳಬೇಕು: ಹೆಸರು, ‘ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ.’ ತಪ್ಪಾಗುವುದು ಎಲ್ಲಿ ಗೊತ್ತೇ? ಒಬ್ಬರು ಮಾತು ಹೇಳಿ ಇನ್ನೊಬ್ಬರು ನೀರು ಸುರಿಯುವುದು. ದಟ್ಟ ಕೂದಲ ಮೇಲೆ ಎರಡು ಹನಿ ಬಿದ್ದು ಚರ್ಮಕ್ಕೆ ತಾಗದೇ ಹೋಗುವುದು, ಅದಕ್ಕೇ ಹಣೆಯ ಮೇಲೆ ಹರಿಯುವಂತೆ ಸುರಿಯುವುದು ಲೇಸು. ಭಾವುಕರಾಗಿ ‘ನಾನು’ ಎನ್ನುವ ಕಡೆ ‘ನಾವು’ ಎಂದುಬಿಡುವುದು. ಹಾಗೆ ಹೇಳಿದ್ದು ಸಿಂಧುವಲ್ಲ ಎಂದು ರೋಮ್ 2020ರಲ್ಲಿ ಖಚಿತವಾಗಿ ತಿಳಿಸಿದೆ. ಆಮೇಲೆ ದಿನ, ಹೊತ್ತು, ಸಾಕ್ಷಿಯ ಹೆಸರು ಬರೆದಿಟ್ಟು ಧರ್ಮಕೇಂದ್ರಕ್ಕೆ ತಿಳಿಸಬೇಕು. ಇದೊಂದನ್ನು ಮರೆತರೆ ಮುಂದೆ ಆ ಮಗುವಿನ ಮದುವೆ ಹೊತ್ತಿಗೆ ದಾಖಲೆಗಾಗಿ ಪರದಾಟ.

ನಿನ್ನ ತರಗತಿಗೂ ಒಬ್ಬ ಅಣ್ಣಾವಿಯನ್ನು ಇವತ್ತೇ ಹುಡುಕು. ನೀನು ಬಾರದ ಭಾನುವಾರ ಪಾಠ ನಿಲ್ಲುತ್ತದೆ ಅಂದರೆ ಅದು ನಿನ್ನ ಹೆಚ್ಚುಗಾರಿಕೆಯಲ್ಲ, ಕೊರತೆ. ಹಾಜರಿ ಪುಸ್ತಕ ಎಲ್ಲಿದೆ, ಬೀಗದ ಕೈ ಯಾರಲ್ಲಿದೆ, ಮುಂದಿನ ಎರಡು ಪಾಠ ಯಾವುವು ಎಂಬುದು ಇನ್ನೊಬ್ಬರಿಗೂ ಗೊತ್ತಿರಲಿ. ತಿಂಗಳಲ್ಲಿ ಒಂದು ಪಾಠ ಅವರೇ ಮಾಡಲಿ, ನೀನು ಹಿಂದಿನ ಬೆಂಚಿನಲ್ಲಿ ಕೂರು, ನಡುವೆ ಬಾಯಿ ಹಾಕಬೇಡ. ಅದು ಕಷ್ಟ, ನನಗೆ ಗೊತ್ತು. ಧರ್ಮಕೇಂದ್ರಗಳಲ್ಲಿ ಸಂಘಗಳು ಬತ್ತಿಹೋಗುವುದು ಭಕ್ತಿ ಕಡಿಮೆಯಾಗಿ ಅಲ್ಲ, ಒಬ್ಬರೇ ಇಪ್ಪತ್ತು ವರ್ಷ ಬೀಗದ ಕೈ ಹಿಡಿದು ಕೂರುವುದರಿಂದ.

1697ರ ಸಿಡುಬು. ಕ್ಯಾಂಡಿಯಲ್ಲಿ ರಾಜ, ಸಿರಿವಂತರು ಊರು ಬಿಟ್ಟರು. ರೋಗ ತಗುಲಿದವರನ್ನು ಕಾಡಿಗೆ ಸಾಗಿಸಿ ಬಿಟ್ಟುಬರುವುದು ವಾಡಿಕೆ. ವಾಜ್ ಮತ್ತು ಕಿರಿಯ ಗುರು ಜೋಸೆಫ್ ಕರ್ವಾಲ್ಯೊ ಊರಲ್ಲೇ ಉಳಿದರು. ಬಿಟ್ಟುಹೋದ ಮನೆಗಳನ್ನು ಆಸ್ಪತ್ರೆ ಮಾಡಿದರು, ಹುಣ್ಣು ತೊಳೆದರು, ಉಣಿಸಿದರು, ಹೆಣ ಹೂತರು. ಬೌದ್ಧರೋ ಕ್ರೈಸ್ತರೋ ಎಂದು ವಿಂಗಡಿಸಲಿಲ್ಲ. ಬೌದ್ಧ ರಾಜ ಎರಡನೆಯ ವಿಮಲಧರ್ಮಸೂರ್ಯನ ಮನಸ್ಸಿನಲ್ಲಿ ಅವರಿಗೆ ಜಾಗ ಗಟ್ಟಿಯಾದದ್ದು ಮಳೆಗಿಂತ ಹೆಚ್ಚಾಗಿ ಇದರಿಂದ ಎಂದೇ ನನ್ನ ಲೆಕ್ಕ.

ನಿಮ್ಮ ಕಿರು ಕ್ರೈಸ್ತ ಸಮುದಾಯದಿಂದ ರೋಗಿಗಳನ್ನು ನೋಡಲು ಹೋಗುತ್ತೀರಿ ಎಂದು ನೀನು ಹೇಳಿದ್ದೆ. ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಇಬ್ಬರು ಸಾಕು, ಎಂಟು ಜನ ಹೋದರೆ ಅದು ಮೆರವಣಿಗೆ. ನಿನಗೆ ಶೀತವಿದ್ದರೆ ಆ ವಾರ ಹೋಗಬೇಡ. ಒಳಗೆ ಹೋಗುವಾಗ ಮತ್ತು ಹೊರಬಂದಾಗ ಕೈ ತೊಳೆ. ಮಂಚದ ಮೇಲೆ ಕೂರಬೇಡ, ಕುರ್ಚಿಯನ್ನು ರೋಗಿಯ ಕಣ್ಣಿಗೆ ನೇರವಾಗಿ ಹಾಕಿಕೋ, ಕತ್ತು ತಿರುಗಿಸಿ ಮಾತಾಡುವುದು ಅವರಿಗೆ ನೋವು. ಹದಿನೈದು ನಿಮಿಷ ಸಾಕು. ‘ಪ್ರಾರ್ಥನೆ ಮಾಡೋಣವೇ’ ಎಂದು ಕೇಳಿಯೇ ಮಾಡು, ಮಾಡಿದರೆ ಅವರಿಗೆ ಬಾಯಿಪಾಠ ಇರುವುದನ್ನೇ ಹೇಳು, ಜೊತೆಗೆ ತುಟಿ ಆಡಿಸಲು ಆಗುತ್ತದೆ. ‘ಎಲ್ಲ ದೇವರ ಚಿತ್ತ’ ಅನ್ನಬೇಡ, ಔಷಧದ ಬಗ್ಗೆ ಸಲಹೆ ಕೊಡಬೇಡ, ಫೋಟೋ ತೆಗೆದು ಗ್ರೂಪಿಗೆ ಹಾಕಬೇಡ. ಹೊರಡುವಾಗ ನೋಡಿಕೊಳ್ಳುವವರ ಜೊತೆ ಎರಡು ಮಾತಾಡು, ಒಂದು ಮಧ್ಯಾಹ್ನ ಅವರು ನಿದ್ದೆ ಮಾಡಲು ನೀನು ಕೂರಬಲ್ಲೆಯಾ ಎಂದು ಕೇಳು. ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ ಮತ್ತೆ ಹೋಗು. ಹತ್ತು ಮನೆಗೆ ಒಂದೊಂದು ಸಲ ಹೋಗುವುದಕ್ಕಿಂತ ಎರಡು ಮನೆಗೆ ಐದೈದು ಸಲ ಹೋಗುವುದು ಮೇಲು.

ಇನ್ನು ರೋಗಿಗಳ ಅಭ್ಯಂಗ, ಅಂದರೆ ಪವಿತ್ರ ಎಣ್ಣೆ ಹಚ್ಚಿ ಕೊಡುವ ಸಂಸ್ಕಾರ. ಹಿಂದೆ ಅಂತ್ಯಾಭ್ಯಂಗ ಎನ್ನುತ್ತಿದ್ದರಲ್ಲ, ಆ ಹೆಸರಿನಿಂದಾಗಿಯೇ ಜನ ಗುರುಗಳನ್ನು ಕರೆಯಲು ಹೆದರುತ್ತಾರೆ, ಕರೆಸಿದರೆ ಸಾವು ಹತ್ತಿರ ಎಂದು ರೋಗಿಗೆ ತಿಳಿದುಬಿಡುತ್ತದೆ ಎಂದು. ಉಸಿರು ಎಳೆಯತೊಡಗಿದ ಮೇಲೆ ಓಡುತ್ತಾರೆ. ಆಗ ರೋಗಿಗೆ ಮಾತಾಡಲಾಗದು, ಪಾಪನಿವೇದನೆ ಹೋಯಿತು. ನುಂಗಲಾಗದು, ಪರಮಪ್ರಸಾದ ಹೋಯಿತು. ಸತ್ತ ಮೇಲಂತೂ ಅಭ್ಯಂಗವೂ ಇಲ್ಲ. ಕಾಯಿಲೆ ಗಂಭೀರವೆಂದು ಡಾಕ್ಟರ್ ಹೇಳಿದಾಗಲೇ, ದೊಡ್ಡ ಆಪರೇಷನ್ ಮುಂಚೆಯೇ ಕೇಳಬಹುದು. ಉಲ್ಬಣಿಸಿದರೆ ಮತ್ತೊಮ್ಮೆ ಕೊಡುತ್ತಾರೆ. ಇದನ್ನು ಗುರುಗಳು ಮಾತ್ರ ಕೊಡಬಲ್ಲರು, ಆದರೆ ಸಮಯಕ್ಕೆ ಕರೆಯುವುದು ನಿನ್ನಂಥವರ ಕೆಲಸ. ಅವರ ನಂಬರ್ ಮನೆಯವರ ಫೋನಿನಲ್ಲಿ ಇದೆಯೇ ಎಂದು ಮೊದಲ ಭೇಟಿಯಲ್ಲೇ ನೋಡಿಕೋ.

ದೊಡ್ಡ ಪದವಿ ವಾಜ್ ಅವರನ್ನು ಹುಡುಕಿಕೊಂಡು ಬಂತು. ಪೋಪರ ಪ್ರತಿನಿಧಿಯಾಗಿ ಚೀನಾಕ್ಕೆ ಹೊರಟಿದ್ದ ಮಯಾರ್ ದೆ ತೂರ್ನೊ ಅವರು ಇವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಬೇಕೆಂದು ಬಯಸಿದರು, ಇವರು ಒಲ್ಲೆ ಎಂದರು. ಇದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಒಪ್ಪಿದ್ದರೂ ತಪ್ಪಾಗುತ್ತಿರಲಿಲ್ಲ ಅನ್ನುವುದೇ ನನ್ನ ಅಭಿಪ್ರಾಯ, ದ್ವೀಪಕ್ಕೆ ಒಬ್ಬ ಧರ್ಮಾಧ್ಯಕ್ಷರು ಬೇಕಿತ್ತು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು, ಅರವತ್ತು ತುಂಬಿರಲಿಲ್ಲ. ಬದುಕಿದ್ದಾಗ ಮಾಡದೇ ಬಿಟ್ಟದ್ದನ್ನು ಸಾಯುವಾಗ ಮಾಡುವುದು ಸುಲಭವಲ್ಲ ಎಂಬರ್ಥದ ಮಾತನ್ನು ಕೊನೆಗೆ ಹೇಳಿದರೆಂದು ಪರಂಪರೆ. ಗೋವಾಕ್ಕೆ ಹೋದವರು ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹವನ್ನು ಬೊಂ ಜೇಸು ಬಸಿಲಿಕಾದಲ್ಲಿ ಕಾಣುತ್ತಾರೆ, ಹತ್ತು ವರ್ಷಕ್ಕೊಮ್ಮೆ ದರ್ಶನಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಜೋಸೆಫ್ ವಾಜರನ್ನು ಮಣ್ಣು ಮಾಡಿದ ಇಗರ್ಜಿ ಮುಂದೆ ನಾಶವಾಯಿತು, ಸಮಾಧಿ ಕ್ಯಾಂಡಿಯಲ್ಲಿ ಎಲ್ಲಿತ್ತೆಂದು ಇವತ್ತು ಯಾರೂ ಬೊಟ್ಟು ಮಾಡಿ ತೋರಿಸಲಾರರು.

ತರಗತಿಗೆ ಪಟಕ್ಕಿಂತ ಒಂದು ನಕ್ಷೆ ತೆಗೆದುಕೊಂಡು ಹೋಗು. ಸಾಂಕ್ವಾಳೆ, ಹೊನ್ನಾವರ, ಬಸ್ರೂರು, ಮಂಗಳೂರು, ತೂತ್ತುಕುಡಿ, ಜಾಫ್ನಾ, ಪುತ್ತಲಂ, ಕ್ಯಾಂಡಿ. ಮಕ್ಕಳೇ ದಾರದಿಂದ ಜೋಡಿಸಲಿ. ಗುಂಡುಪಿನ್ನು ಎಂಟು ಸಾಕು, ದಾರ ಮಾತ್ರ ಸ್ವಲ್ಪ ಉದ್ದವೇ ಇರಲಿ.

ನಿನ್ನ
ಅಮ್ಮ